ಗೋಡೆಯೊಳಗಿನ ನಾನೂರ ಹದಿನೇಳು

ಮನೆಯ ಬೀಗದ ಕೈಯಿಂದ ಬ್ಯಾಂಕಿನ ಗೋಡೆ ಕೆರೆಯುವುದು ಅರವತ್ತು ದಾಟಿದವರಿಗೆ ಶೋಭಿಸುವ ಕೆಲಸವಲ್ಲ. ಅದೂ ಹಾಡಹಗಲಲ್ಲಿ, ಪೇಟೆ ಬೀದಿಯ ನಡುವೆ, ಹೋಗುವವರು ಬರುವವರು ನಿಂತು ನೋಡುವಾಗ. ಆದರೆ ತಿಗಣೆ ಸಾಹೇಬರು ನಾಚಿಕೆಯನ್ನು ಸಮವಸ್ತ್ರದ ಜೊತೆಗೇ ಪೊಲೀಸ್ ಇಲಾಖೆಗೆ ವಾಪಸು ಕೊಟ್ಟು ನಿವೃತ್ತರಾದವರು.

ತಿಗಣೆ ಎಂಬ ಹೆಸರು ಇಟ್ಟವರು ಕಳ್ಳರು, ಉಳಿಸಿಕೊಂಡು ಬಂದವರು ಪೊಲೀಸರು. ಸಂದಿಯಲ್ಲಿ ಕೂತರೆ ಕಾಣಿಸುವುದಿಲ್ಲ, ಕಚ್ಚಿದರೆ ಬಿಡುವುದಿಲ್ಲ ಎಂದು. ಈಗ ಅವರು ಬ್ಯಾಂಕುಗಳ ವಿಲೀನವನ್ನು ಪರಿಶೀಲಿಸುವ ಪ್ರಾಧಿಕಾರಕ್ಕೆ ಬಾಡಿಗೆಯ ಪತ್ತೇದಾರ.

"ಏನ್ ಸಾರ್, ಬ್ಯಾಂಕಿಗೆ ಕನ್ನ ಹಾಕ್ತಾ ಇದ್ದೀರಾ?" ಎಂದ ಎದುರಿನ ಚಪ್ಪಲಿ ಅಂಗಡಿಯವನು.

"ಕನ್ನ ಆಗ್ಲೇ ಬಿದ್ದಿದೆ ಕಣಯ್ಯ. ನಾನು ತೂತು ಎಲ್ಲಿದೆ ಅಂತ ಹುಡುಕ್ತಾ ಇದೀನಿ."

ಅವನು ನಕ್ಕ. ಸಾಹೇಬರಿಗೆ ನಗು ಬರಲಿಲ್ಲ. ಒಂದು ವಾರದ ಹಿಂದೆ, ಪ್ರಾಧಿಕಾರದವರು ಶಾಖೆಗಳ ಲೆಕ್ಕ ತೆಗೆಯುವ ಅಳತೆಯ ದಿನ, ಇದೇ ಶಾಖೆಯ ಹಿಂಬಾಗಿಲ ಮೆಟ್ಟಿಲಿನಿಂದ ಬಿದ್ದು ಮ್ಯಾನೇಜರಮ್ಮ ಸತ್ತಿದ್ದರು. ತಳ್ಳಿದವನೆಂದು ಪೊಲೀಸರು ಹಿಡಿದು ಕೂರಿಸಿದ್ದು ಶಾಖೆಯ ಗಾರ್ಡನ್ನು. ಆ ಗಾರ್ಡ್ ಸಾಹೇಬರ ಒಬ್ಬಳೇ ತಂಗಿಯ ಗಂಡ.

ಗಾರೆ ಸಲೀಸಾಗಿ ಉದುರುತ್ತಿತ್ತು. ಹಸಿ ಆರುವ ಮೊದಲೇ ಬಣ್ಣ ಬಳಿದ ಗೋಡೆ, ಮೈತುಂಬ ಬೊಬ್ಬೆ ಎದ್ದಿತ್ತು. ಒಂದು ಬೊಬ್ಬೆಯ ಕೆಳಗೆ ಮರ ಕಂಡಿತು. ಹಳೆಯ ಬಾಗಿಲಿನ ಚೌಕಟ್ಟು! ಅದನ್ನು ಕಿತ್ತರೆ ಮೇಲಿನ ಕಮಾನು ಕುಸಿಯುತ್ತದೆಂದು ಹೆದರಿ, ಮೇಸ್ತ್ರಿ ಚೌಕಟ್ಟನ್ನು ಹಾಗೇ ಬಿಟ್ಟು ಮೇಲೆ ಗಾರೆ ಮೆತ್ತಿದ್ದ.

ಸಾಹೇಬರು ಉಸಿರು ಬಿಗಿಹಿಡಿದು ಇನ್ನೊಂದಿಷ್ಟು ಕೆರೆದರು. ಉಗುರಿನಗಲ ಕೆಂಪು ಬಣ್ಣ ಇಣುಕಿತು. ಎಣ್ಣೆ ಬಣ್ಣದ ವಾಸನೆ ಮೂಗಿಗೆ ಬಡಿದು, ಒಂದು ಕ್ಷಣ ಅಪ್ಪನ ಅಂಗಡಿ ಕಣ್ಣೆದುರು ಬಂತು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಅಪ್ಪನ ಕೈ ತಂಗಿಗೆ ಬಂತು, ಮೂಗು ಮಾತ್ರ ಇವನಿಗೆ ಬಂತು ಎಂದು ಅಮ್ಮ ಹಂಗಿಸುತ್ತಿದ್ದಳು.

ಇಷ್ಟೆಲ್ಲ ಒದ್ದಾಟ ಒಂದು ಬಾಗಿಲಿಗೆ ಯಾಕೆ ಎಂದು ಚಪ್ಪಲಿ ಅಂಗಡಿಯವನು ಕೇಳಿದ್ದರೆ ಸಾಹೇಬರು ಹೇಳುತ್ತಿದ್ದರು. ದೊಡ್ಡ ಬ್ಯಾಂಕು ಈ ಸಣ್ಣ ಬ್ಯಾಂಕನ್ನು ನುಂಗಲು ಹೊರಟಿತ್ತು. ನುಂಗುವುದಕ್ಕೆ ಕಾನೂನಿನ ಅಡ್ಡಿ ಇಲ್ಲ, ಹೊಟ್ಟೆಯ ಅಳತೆಗೆ ಮಾತ್ರ ಒಂದು ಮಿತಿ ಇದೆ. ಎರಡು ಬ್ಯಾಂಕು ಒಂದಾದ ಮೇಲೆ, ಒಂದು ಜಿಲ್ಲೆಯ ಜನ ಇಟ್ಟ ಒಟ್ಟು ಠೇವಣಿಯಲ್ಲಿ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಆ ಬ್ಯಾಂಕಿನ ಕೈಯಲ್ಲಿ ಇರಕೂಡದು. ಊರಿನ ದುಡ್ಡೆಲ್ಲ ಒಂದೇ ಪೆಟ್ಟಿಗೆಗೆ ಬಿದ್ದರೆ ಬೀಗದ ಕೈ ಹಿಡಿದವನು ಆಡಿದ್ದೇ ಆಟ ಎಂದು, ಹಿಂದೊಮ್ಮೆ ಪೆಟ್ಟು ತಿಂದ ಹಿರಿಯರು ಹಾಕಿಟ್ಟ ಗೆರೆ ಅದು.

ಈ ಶಾಖೆಯ ಕಟ್ಟಡ ಎರಡು ಜಿಲ್ಲೆಗಳ ಗಡಿಯ ಮೇಲೆ ಕೂತಿತ್ತು. ಮುಂಬಾಗಿಲು ತೆರೆಯುವುದು ಪೇಟೆ ಬೀದಿಗೆ, ಅಂದರೆ ಮೂಡಣ ಜಿಲ್ಲೆಗೆ. ಹಿಂಬಾಗಿಲು ಕಾಲುವೆ ರಸ್ತೆಗೆ, ಅಂದರೆ ಪಡುವಣ ಜಿಲ್ಲೆಗೆ. ವರ್ಷಕ್ಕೊಮ್ಮೆ ಬರುವ ಅಳತೆಯ ದಿನ, ಜನರ ಬಾಗಿಲು ಯಾವ ಜಿಲ್ಲೆಗೆ ತೆರೆದಿದೆಯೋ ಶಾಖೆಯ ಠೇವಣಿಯೂ ಆ ಜಿಲ್ಲೆಯ ಲೆಕ್ಕಕ್ಕೆ. ಮೂಡಣಕ್ಕೆ ಸೇರಿದರೆ ಮಿತಿ ದಾಟಿತು, ವಿಲೀನ ಬಿತ್ತು. ಪಡುವಣಕ್ಕೆ ಸೇರಿದರೆ ಎಲ್ಲ ಸಲೀಸು.

ಬ್ಯಾಂಕಿನವರು ದುಡ್ಡನ್ನು ಮುಟ್ಟಲಿಲ್ಲ, ಬಾಗಿಲನ್ನು ಮುಚ್ಚಿದರು. ಸರ್ಕಾರ ಚಾಪೆ ಕೆಳಗೆ ನುಸುಳಿದರೆ ಇವರು ರಂಗೋಲಿ ಕೆಳಗೆ ನುಸುಳುವ ಜನ.

ಪ್ರಶ್ನೆ ಇದ್ದದ್ದು ಮುಚ್ಚಿದ್ದು ಯಾವಾಗ ಎನ್ನುವುದರಲ್ಲಿ. ಅಳತೆಗೆ ಮೊದಲೇ, ವಾರದ ರಜೆಯಲ್ಲೇ ಗೋಡೆ ಎಬ್ಬಿಸಿದೆವು ಎಂದು ಬ್ಯಾಂಕು ಹೇಳುತ್ತಿತ್ತು. ಅಲ್ಲ, ಅಳತೆ ಮುಗಿದ ಮೇಲೆ, ಕೋಟೆ ಸೂರೆಹೋದ ನಂತರ ದಿಡ್ಡಿ ಬಾಗಿಲು ಹಾಕಿದವರ ಹಾಗೆ ಕಟ್ಟಿದ್ದು ಎಂದು ಸಾಹೇಬರ ಒಳಮನಸ್ಸು ಹೇಳುತ್ತಿತ್ತು. ಅಳತೆಯ ದಿನ ಬ್ಯಾಂಕಿಗೆ ಜನ ಬರುವ ಹಾಗಿಲ್ಲ. ಒಳಗೆ ಇರುವವರು ಮ್ಯಾನೇಜರು ಮತ್ತು ಗಾರ್ಡು, ಇಬ್ಬರೇ. ಬೀದಿಗೆ ಕಾಣುವುದು ಮುಚ್ಚಿದ ಶಟರು. ಅದರ ಹಿಂದೆ ಬಾಗಿಲಿತ್ತೋ ಗೋಡೆಯಿತ್ತೋ ನೋಡಿದವರು ಯಾರು? ಮ್ಯಾನೇಜರಮ್ಮ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ ಮೇಲಷ್ಟೇ ಪೊಲೀಸರು ಬಂದದ್ದು. ಅಷ್ಟರಲ್ಲಿ ಇಲ್ಲಿ ಗೋಡೆ ನಿಂತಾಗಿತ್ತು.

ಆದರೆ ಪ್ರಾಧಿಕಾರದ ಎಣಿಕೆಯವನೊಬ್ಬ ಅಂದು ಬಂದು ಹೋಗಿದ್ದ. ಅವನ ಪದ್ಧತಿ ಒಂದೇ: ಜನರ ಬಾಗಿಲಿನ ಶಟರು ಎತ್ತಿಸಿ, ಚೌಕಟ್ಟಿನ ಮೇಲೆ ತಗಡಿನ ಅಚ್ಚಿಟ್ಟು ಕೆಂಪು ಬಣ್ಣದಲ್ಲಿ ಶಾಖೆಯ ನಂಬರು ಒತ್ತುವುದು. ಈ ಶಾಖೆಯದು ನಾನೂರ ಹದಿನೇಳು. ಇಡೀ ಊರು ಸುತ್ತಿದ ಅವನಿಗೆ ಯಾವ ಬಾಗಿಲಿಗೆ ಒತ್ತಿದೆನೆಂಬುದು ನೆನಪಿರಲಿಲ್ಲ.

ಹಿಂಬಾಗಿಲಿನ ಮೇಲೂ ನಾನೂರ ಹದಿನೇಳು ಇತ್ತು. ಅಚ್ಚಿನ ಅಂಕಿಗಳಲ್ಲಿ ಇರುವಂಥದೇ ಸಣ್ಣ ಸಣ್ಣ ಸಂದು ಬಿಟ್ಟು ಬರೆದಿದ್ದರು. ಸಾಹೇಬರು ಒಂದು ವಾರದಿಂದ ಅದನ್ನೇ ನೋಡಿ ನೋಡಿ ಒಂದು ತಪ್ಪು ಹಿಡಿದಿದ್ದರು. ಏಳರ ಕೆಳಗೆ ಎಳ್ಳಿನಷ್ಟು ದೊಡ್ಡ ಒಂದು ಚುಕ್ಕೆ. ತಗಡಿನ ಅಚ್ಚಿನಲ್ಲಿ ಚುಕ್ಕೆ ಇಲ್ಲ. ಅಂದರೆ ಅದನ್ನು ಒತ್ತಿದ್ದಲ್ಲ, ಯಾರೋ ಪಳಗಿದ ಕೈಯವರು ಕುಂಚದಲ್ಲಿ ಬರೆದದ್ದು. ಆ ಚುಕ್ಕೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿತ್ತು, ಎಲ್ಲೆಂದು ಹೊಳೆಯುತ್ತಿರಲಿಲ್ಲ.

ಈಗ ನಿಜವಾದ ನಾನೂರ ಹದಿನೇಳರ ಅಂಚು ಕಣ್ಣ ಮುಂದಿತ್ತು. ಗೋಡೆ ಒಡೆದರೆ ಮುಗಿಯಿತು. ಗಾರ್ಡಿನ ಜಾಗ ಜನರ ಬಾಗಿಲ ಬಳಿ; ಅಂದು ಆ ಬಾಗಿಲು ಮುಂದಿತ್ತೆಂದರೆ ಅವನು ಕಾವಲು ಕೂತದ್ದೂ ಮುಂದೆಯೇ. ನಡುವಿನ ಕಬ್ಬಿಣದ ಗೇಟಿಗೆ ಮ್ಯಾನೇಜರಮ್ಮನೇ ಹಿಂದಿನಿಂದ ಬೀಗ ಹಾಕಿಕೊಂಡಿದ್ದರು, ಬೀಗದ ಕೈ ಅವರ ಹತ್ತಿರವೇ ಸಿಕ್ಕಿತ್ತು. ಮುಂದೆ ಇದ್ದವನು ಹಿಂದಿನ ಮೆಟ್ಟಿಲಿಗೆ ಹಾರಿ ಹೋಗಲು ಗುಬ್ಬಚ್ಚಿಯೇ?

"ಇನ್ನೂ ಸ್ವಲ್ಪ ಕೆರೀರಿ ಸಾರ್, ಒಳಗೆ ಎ.ಸಿ. ಇದೆ. ತಂಪಾಗಿರುತ್ತೆ."

ಹಿಂದೆ ನಿಂತಿದ್ದವನು ಬ್ಯಾಂಕಿನ ಕಾನೂನು ಅಧಿಕಾರಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವನಾದ್ದರಿಂದ ಸಾಹೇಬರು ಮನಸ್ಸಿನಲ್ಲೇ ಅವನಿಗೆ ಬೆಣ್ಣೆ ಎಂದು ಹೆಸರಿಟ್ಟಿದ್ದರು.

"ಪ್ರಾಧಿಕಾರದ ಪತ್ರ ಇದೆ ನನ್ನ ಹತ್ರ" ಎಂದರು ಸಾಹೇಬರು.

"ನಾನೂ ಓದಿದೀನಿ. ನೋಡೋಕೆ ಅಧಿಕಾರ ಕೊಟ್ಟಿದಾರೆ, ಒಡೆಯೋಕೆ ಕೊಟ್ಟಿಲ್ಲ. ಗಾರ್ಡು ನಿಮ್ಮ ತಂಗಿ ಗಂಡ ಅನ್ನೋದು ಪ್ರಾಧಿಕಾರಕ್ಕೆ ಗೊತ್ತಾ?"

"ನಾನೇ ಹೇಳಿದೀನಿ. ಅದಕ್ಕೇ ಇವತ್ತು ಸಂಜೆವರೆಗೆ ಮಾತ್ರ ಟೈಮ್ ಕೊಟ್ಟಿದಾರೆ."

"ಪಾಪ. ಗಾರ್ಡೇ ಹೇಳ್ತಿದಾನಲ್ಲ ಸಾರ್, ಮುಂಬಾಗ್ಲು ಮುಚ್ಚಿತ್ತು, ನಾನು ಹಿಂದೆ ಇದ್ದೆ ಅಂತ. ಸಹಿ ಹಾಕಿಕೊಟ್ಟಿದಾನೆ."

ಅದೇ ಸಾಹೇಬರ ಕೈ ಕಟ್ಟಿಹಾಕಿದ್ದ ಮಾತು. ತನ್ನನ್ನು ಬಿಡಿಸುವ ಬಾಗಿಲನ್ನು ಆ ಮನುಷ್ಯ ತಾನೇ ಮುಚ್ಚಿಕೊಂಡು ಕೂತಿದ್ದ.

"ಅವನು ಯಾಕೆ ಸುಳ್ಳು ಹೇಳ್ತಿದಾನೆ ಅಂತ ನನಗೆ ಗೊತ್ತು" ಎಂದರು ಸಾಹೇಬರು. "ಅವನ ಓಣಿಯವರ ಉಳಿತಾಯವೆಲ್ಲ ನಿಮ್ಮ ಬ್ಯಾಂಕಲ್ಲಿದೆ. ಒಬ್ಬೊಬ್ಬರನ್ನೂ ಕರ್ಕೊಂಡು ಬಂದು ಖಾತೆ ಮಾಡಿಸಿದವನು ಅವನೇ. ನಿಮ್ಮ ಬ್ಯಾಂಕು ಒಳಗಿಂದ ಮುಳುಗ್ತಾ ಇದೆ, ವಿಲೀನ ಆಗ್ದಿದ್ರೆ ಓಣಿಯವರ ದುಡ್ಡಿಗೆ ಗೋವಿಂದ. ಇಷ್ಟು ಅವನ ಕಿವೀಲಿ ಊದಿದ್ದು ನೀವು ತಾನೇ?"

ಬೆಣ್ಣೆ ಕರಗಲಿಲ್ಲ. "ಇದ್ರೂ ಇರ್ಬಹುದು. ಸಾಬೀತು ಮಾಡಿ."

ಆಗ ತಿಗಣೆ ಸಾಹೇಬರು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದರು. ಸಂದಿಯಿಂದ ಹೊರಗೆ ಬಂದರು. ಸಿಟ್ಟು ನೆತ್ತಿಗೇರಿತ್ತು, ಬೀದಿಯ ಜನ ನೋಡುತ್ತಿದ್ದರು. ಬೆರಳಿನಿಂದ ಆ ಕೆಂಪು ಅಂಚನ್ನು ತೋರಿಸಿ, "ನೋಡ್ರಿ ಇಲ್ಲಿ. ನಾನೂರ ಹದಿನೇಳು. ಅಳತೆಯ ದಿನ ಒತ್ತಿದ್ದು. ಗೋಡೆ ಆಮೇಲೆ ಬಂದಿದ್ದು. ಸಂಜೆಯೊಳಗೆ ಒಡೆಯೋ ಆರ್ಡರ್ ತರ್ತೀನಿ. ನಿಮ್ಮ ವಿಲೀನವೂ ಇಲ್ಲ, ನಿಮ್ಮ ಕೇಸೂ ಇಲ್ಲ" ಎಂದುಬಿಟ್ಟರು.

ಬೆಣ್ಣೆ ಬಗ್ಗಿ ನೋಡಿದ. ಕನ್ನಡಕ ಮೇಲೇರಿಸಿ ಇನ್ನೊಮ್ಮೆ ನೋಡಿದ. ಮುಖದಲ್ಲಿ ಹೆದರಿಕೆ ಕಾಣಲಿಲ್ಲ, ಬಹಳ ದಿನದ ಲೆಕ್ಕ ಹೊಂದಿದವನ ನೆಮ್ಮದಿ ಕಂಡಿತು.

"ಥ್ಯಾಂಕ್ಸ್ ಸಾರ್. ಹೇಳಿದ್ದು ಒಳ್ಳೇದಾಯ್ತು" ಎಂದು ಫೋನ್ ತೆಗೆಯುತ್ತ ಹೊರಟುಹೋದ.

ಅವನ ಬೆನ್ನು ನೋಡುತ್ತಿದ್ದ ಹಾಗೆಯೇ ಸಾಹೇಬರಿಗೆ ತಾವು ಎಡವಿದ್ದು ಗೊತ್ತಾಯಿತು. ಎಲ್ಲಿ ಎಡವಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಅದು ಗೊತ್ತಾದದ್ದು ಪ್ರಾಧಿಕಾರದ ಮೂರನೇ ಮಹಡಿಯಲ್ಲಿ.

ಹಿರಿಯ ಅಧಿಕಾರಿ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವವರು, ಒರಟು ಮಾತಿನವರು, ಮೋಸಗಾರರಲ್ಲ. ಸಾಹೇಬರು ಹೇಳಿದ್ದನ್ನೆಲ್ಲ ಕೇಳಿದರು. ಫೋನಿನಲ್ಲಿ ತೆಗೆದ ಕೆಂಪು ಅಂಚಿನ ಫೋಟೋ ನೋಡಿದರು. ಆಮೇಲೆ ಕನ್ನಡಕ ಕೆಳಗೆ ಬಿಟ್ಟರು.

"ನಿಮ್ಮ ಮಾತು ನಾನು ನಂಬ್ತೀನಿ. ಆದ್ರೆ ಈಗ ಆ ಬಾಗಿಲು ನನಗೆ ಬೇಡ."

"ಅಂದ್ರೆ?"

"ಸ್ವಲ್ಪ ಹೊತ್ತಿನ ಮುಂಚೆ ಎರಡೂ ಬ್ಯಾಂಕಿನವರು ಬಂದು ಹೊಸ ಅರ್ಜಿ ಕೊಟ್ಟು ಹೋದ್ರು. ನಮ್ಮ ಬ್ಯಾಂಕು ಮುಳುಗ್ತಾ ಇದೆ ಅಂತ ಸಣ್ಣ ಬ್ಯಾಂಕಿನವರು ಅವರೇ ಒಪ್ಪಿಕೊಂಡಿದಾರೆ. ಮುಳುಗೋ ಬ್ಯಾಂಕನ್ನ ಎತ್ತೋಕೆ ಬಂದವರಿಗೆ ಮಿತಿ ಇಲ್ಲ. ಕಾನೂನಲ್ಲೇ ವಿನಾಯಿತಿ ಇದೆ. ಮೂವತ್ತಲ್ಲ, ಐವತ್ತಾದ್ರೂ ನಾನು ಒಪ್ಪಿಗೆ ಕೊಡಲೇಬೇಕು."

"ಈ ದಾರಿ ಮೊದಲೇ ಇದ್ದಿದ್ರೆ ಗೋಡೆ ಯಾಕೆ ಕಟ್ಟಿದ್ರು ಮೇಡಂ?"

"ಮುಳುಗಿದೀವಿ ಅಂತ ಒಪ್ಪಿಕೊಂಡ್ರೆ ನಿರ್ದೇಶಕರ ಷೇರಿಗೆ ಮೂರು ಕಾಸಿನ ಬೆಲೆ ಇರಲ್ಲ. ಅದಕ್ಕೇ ಗೋಡೆ. ಈಗ ಯಾರೋ ಗೋಡೆ ಕೆರೆದು ತೋರಿಸಿದ್ರಂತೆ. ಷೇರು ಹೋದ್ರೆ ಹೋಗ್ಲಿ, ಜೈಲು ತಪ್ಪಲಿ ಅಂತ ಓಡಿ ಬಂದ್ರು."

ಯಾರೋ. ಸಾಹೇಬರು ಕುರ್ಚಿಯ ಕೈ ಹಿಡಿದುಕೊಂಡರು. ಇಲಿ ಹಿಡಿಯಲು ಬಿಲಕ್ಕೆ ಹೊಗೆ ಹಾಕಿ, ಇನ್ನೊಂದು ಬಿಲದ ಬಾಯನ್ನು ತಾವೇ ತೆರೆದು ಕೊಟ್ಟಿದ್ದರು.

"ವಿಲೀನ ಆಗಲಿ ಮೇಡಂ. ಗೋಡೆ ಒಡೆಸಿ. ಒಬ್ಬ ಮನುಷ್ಯನ ಜೀವನ ಅದರೊಳಗಿದೆ."

"ಗೋಡೆ ನಾಳೆ ಬೆಳಿಗ್ಗೆ ಅವರೇ ಒಡೀತಾರೆ. ದೊಡ್ಡ ಬ್ಯಾಂಕಿಗೆ ಅಲ್ಲಿ ಗಾಜಿನ ಬಾಗಿಲು ಬೇಕಂತೆ."

"ಚೌಕಟ್ಟು?"

"ಗುಜರಿಗೆ ಹೋಗುತ್ತೆ. ಸೌದೆಯೂ ಆಗ್ಬಹುದು." ಅವರ ದನಿ ಸಣ್ಣದಾಯಿತು. "ನನ್ನ ಕೆಲಸ ವಿಲೀನದ್ದು, ಕೊಲೆ ಪೊಲೀಸರದ್ದು. ಪೊಲೀಸರನ್ನ ಕೇಳಿದ್ರೆ, ಗಾರ್ಡೇ ಹಿಂದೆ ಇದ್ದೆ ಅಂತಾನೆ, ನಾವ್ಯಾಕೆ ಗೋಡೆ ಒಡೀಬೇಕು ಅಂತಾರೆ. ಅವನು ಹೇಳಿಕೆ ಬದಲಾಯಿಸ್ತಾನೆ ಅಂತ ನಿಮ್ಮ ಬಾಯಿಂದ ಒಂದು ಮಾತು ಬರಲಿ. ಅಷ್ಟಾದ್ರೆ ಚೌಕಟ್ಟು ಮುಟ್ಟಬೇಡಿ ಅಂತ ನಾನು ತಡೆ ಹಾಕಬಲ್ಲೆ. ಈ ಅಧಿಕಾರವೂ ಇವತ್ತು ಕಚೇರಿ ಬಾಗಿಲು ಹಾಕೋವರೆಗೆ ಮಾತ್ರ. ಹೊರಡೋ ಮುಂಚೆ ನಾನೇ ಫೋನ್ ಮಾಡ್ತೀನಿ."

ಸಾಹೇಬರು ಲಿಫ್ಟಿಗೆ ಕಾಯಲಿಲ್ಲ. ಮಂಡಿನೋವನ್ನು ಮರೆತು ಮೆಟ್ಟಿಲಿಳಿದರು. ಆಟೋದಲ್ಲಿ ಕೂತ ಮೇಲೆ ಎದೆಯಲ್ಲಿ ಸಣ್ಣ ಆಸೆ ಚಿಗುರಿತು. ವಿಲೀನ ಆಗುವುದು ಖಚಿತ, ಅಂದರೆ ಓಣಿಯವರ ದುಡ್ಡೂ ಭದ್ರ. ಗಾರ್ಡು ಇನ್ನು ಯಾರಿಗಾಗಿ ಸುಳ್ಳು ಹೇಳಬೇಕು?

ಠಾಣೆಯ ಇನ್‌ಸ್ಪೆಕ್ಟರ್ ಒಂದು ಕಾಲದಲ್ಲಿ ಸಾಹೇಬರ ಕೈಕೆಳಗೆ ಕೆಲಸ ಕಲಿತವನು. ಎದ್ದು ನಿಂತು ಸೆಲ್ಯೂಟ್ ಹೊಡೆದ. ಹೊಡೆದು, ಏನೂ ಮಾಡಲಾಗದವನ ಮುಖ ಮಾಡಿ ಸೆಲ್ಲಿನ ಕಡೆ ಕೈ ತೋರಿಸಿದ.

ಹೊರಗಿನ ಬೆಂಚಿನ ಮೇಲೆ ತಂಗಿ ಕೂತಿದ್ದಳು. ದಿನವೂ ಗಂಡನಿಗೆ ಊಟ ತರುವವಳು, ಡಬ್ಬಿ ಖಾಲಿಯಾಗಿ ವಾಪಸು ಬರುವವರೆಗೆ ಕದಲುವವಳಲ್ಲ. ಅಣ್ಣನನ್ನು ಕಂಡು ಸೆರಗು ಸರಿಮಾಡಿಕೊಂಡಳು.

ಒಳಗೆ ಗಾರ್ಡು ಡಬ್ಬಿ ಬಿಚ್ಚುತ್ತಿದ್ದ. ಎತ್ತರದ ಆಳು, ಒಂದೇ ವಾರದಲ್ಲಿ ಕುಗ್ಗಿ ಅರ್ಧವಾಗಿದ್ದ.

"ಭಾವ, ಬನ್ನಿ. ಒಂದು ತುತ್ತು ತಿಂತೀರಾ?"

"ಊಟ ಆಮೇಲೆ. ನಿನಗೊಂದು ಒಳ್ಳೇ ಸುದ್ದಿ ತಂದಿದೀನಿ." ಸಾಹೇಬರು ಸರಳಿಗೆ ಮುಖ ಒತ್ತಿ ಎಲ್ಲವನ್ನೂ ಹೇಳಿದರು: ವಿನಾಯಿತಿ, ವಿಲೀನ, ಓಣಿಯವರ ದುಡ್ಡು. "ಯಾರದ್ದೂ ಒಂದು ಕಾಸೂ ಹೋಗಲ್ಲ. ನೀನಿನ್ನು ಅವರನ್ನೆಲ್ಲ ಹೆಗಲ ಮೇಲೆ ಹೊರಬೇಕಾಗಿಲ್ಲ ಮಾರಾಯ. ನಿಜ ಹೇಳು. ಅಳತೆಯ ದಿನ ನೀನು ಎಲ್ಲಿದ್ದೆ?"

ಗಾರ್ಡಿನ ಕಣ್ಣು ತುಂಬಿ ಬಂತು. ಓಣಿಯ ಸುದ್ದಿಗೆ ನಿಜಕ್ಕೂ ಖುಷಿಪಟ್ಟ. ಒರೆಸಿಕೊಂಡು, ನಿಧಾನವಾಗಿ ಹೇಳಿದ:

"ಹಿಂದೆ ಇದ್ದೆ ಭಾವ. ಮುಂಬಾಗ್ಲು ಮುಚ್ಚಿತ್ತು."

"ಲೋ, ನಾನು ಕಣ್ಣಾರೆ ನೋಡಿದೀನಿ ಕಣೋ! ಚೌಕಟ್ಟಿನ ಮೇಲೆ ನಂಬರಿದೆ!"

"ಮುಚ್ಚಿತ್ತು ಭಾವ."

"ನೇಣಿಗೆ ಹಾಕ್ತಾರೆ ನಿನ್ನ."

"ಹಾಕ್ಲಿ. ನನ್ನ ಅಲ್ವಾ, ಹಾಕ್ಲಿ ಬಿಡಿ."

ಅವನು 'ನನ್ನ' ಎಂದ ರೀತಿ ಸಾಹೇಬರ ಕಿವಿಗೆ ಚುಚ್ಚಿತು. ಓಣಿಗಾಗಿ ಅಲ್ಲವೆಂದಾದರೆ ಇನ್ನು ಯಾರಿಗಾಗಿ? ಉತ್ತರ ಹುಡುಕುವವರಂತೆ ತಲೆ ತಗ್ಗಿಸಿದರು. ಕಣ್ಣು ಡಬ್ಬಿಯ ಮುಚ್ಚಳದ ಮೇಲೆ ಬಿತ್ತು.

ಊಟದ ಡಬ್ಬಿ ಅದಲುಬದಲಾಗಬಾರದೆಂದು ಮೇಲೆ ಸೆಲ್ಲಿನ ನಂಬರು ಬರೆಯಬೇಕು, ಅದು ಠಾಣೆಯ ನಿಯಮ. ಬೇರೆಯವರ ಮನೆಯವರು ಕಾಗದ ಅಂಟಿಸುತ್ತಾರೆ. ಈ ಡಬ್ಬಿಯ ಮೇಲೆ ಕೆಂಪು ಎಣ್ಣೆ ಬಣ್ಣದಲ್ಲಿ ಮುದ್ದಾಗಿ ಏಳು ಎಂದು ಬರೆದಿತ್ತು. ಅಪ್ಪ ಬರೆಯುತ್ತಿದ್ದಂಥದೇ ಏಳು.

ಏಳರ ಕೆಳಗೆ ಎಳ್ಳಿನಷ್ಟು ದೊಡ್ಡ ಒಂದು ಚುಕ್ಕೆ.

ಬರೆದು ಮುಗಿಸಿದ ಮೇಲೆ ಕುಂಚದ ತುದಿಯಲ್ಲಿ ಉಳಿದ ಬಣ್ಣವನ್ನು ಅಪ್ಪ ಹಾಗೇ ಒಂದು ಚುಕ್ಕೆಯಾಗಿ ಇಳಿಸುತ್ತಿದ್ದರು. "ಬಾಯಿ ಒರೆಸದ ಕುಂಚ ಎಂಜಲು ಕುಂಚ" ಎನ್ನುತ್ತಿದ್ದರು. ಅವರ ಮೊಣಕಾಲ ಬಳಿ ಕೂತು ಅದನ್ನು ಕಲಿತದ್ದು ಈ ಲೋಕದಲ್ಲಿ ಒಬ್ಬಳೇ.

ಬ್ಯಾಂಕಿನವರಿಗೆ ಅಚ್ಚಿನಂತೆ ಬರೆಯಬಲ್ಲ ಕೈ ಬೇಕಿತ್ತು; ಗಾರ್ಡಿನ ಮನೆಯಲ್ಲೇ ಅದು ಸಿಕ್ಕಿತ್ತು. ಹಿಂಬಾಗಿಲಿನ ನಂಬರು ಬರೆದವಳು ಅಂದು ಆ ಮೆಟ್ಟಿಲ ತಲೆಯಲ್ಲೇ ನಿಂತು ಬರೆದಿರಬೇಕು. ಮ್ಯಾನೇಜರಮ್ಮ ಬಿದ್ದ ಮೆಟ್ಟಿಲು.

ಗಾರ್ಡು ಅವರ ದೃಷ್ಟಿಯನ್ನು ಹಿಂಬಾಲಿಸಿ, ಮುಚ್ಚಳವನ್ನು ಮೆಲ್ಲನೆ ಬೋರಲು ಹಾಕಿದ.

"ನೀವು ಏನೂ ನೋಡಿಲ್ಲ ಭಾವ" ಎಂದ. ಬೇಡಿಕೊಳ್ಳುವ ದನಿ. "ಮನೆ ಕಡೆ ನೋಡ್ಕೊಳ್ಳಿ. ಅಷ್ಟು ಸಾಕು ನನಗೆ."

ಸಾಹೇಬರು ಹೇಗೆ ಹೊರಗೆ ಬಂದರೋ ಅವರಿಗೇ ತಿಳಿಯದು. ಇಡೀ ಊರಿನ ಕಳ್ಳರ ಕೈಬರಹ ಹಿಡಿದವರಿಗೆ ಒಡಹುಟ್ಟಿದವಳ ಕೈ ಗೊತ್ತಾಗಿರಲಿಲ್ಲ. ಚೌಕಟ್ಟು ಉಳಿಸಿದರೆ ಗಾರ್ಡು ಹೊರಗೆ ಬರುತ್ತಾನೆ. ಹಿಂಬಾಗಿಲಿನ ನಂಬರು ಯಾರ ಕೈಯದು ಎಂಬ ಪ್ರಶ್ನೆಯೂ ಅವನ ಜೊತೆಗೇ ಹೊರಗೆ ಬರುತ್ತದೆ. ಚೌಕಟ್ಟು ಬಿಟ್ಟುಕೊಟ್ಟರೆ, ಒಬ್ಬ ನಿರಪರಾಧಿ ಆ ಸರಳಿನ ಹಿಂದೆಯೇ ಮುದುಕನಾಗುತ್ತಾನೆ. ಯಾವ ಕಡೆ ಹೆಜ್ಜೆ ಇಟ್ಟರೂ ತಂಗಿಯ ಮನೆಯೇ ಕಾಲಡಿ ಸಿಗುತ್ತಿತ್ತು.

ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತರು. ತಂಗಿ ಅವರ ಬಲಗೈಯನ್ನು ತನ್ನ ಮಡಿಲಿಗೆಳೆದುಕೊಂಡಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ, ಚೌಕಟ್ಟು ಕೆರೆದಾಗ ಮೆತ್ತಿದ ಕೆಂಪು ಹಾಗೇ ಇತ್ತು.

ಅವಳು ಸೆರಗಿನ ತುದಿಯಿಂದ ಅದನ್ನು ಒಮ್ಮೆ ತಿಕ್ಕಿದಳು.

"ಇದು ನೀರಿಗೆ ಹೋಗಲ್ಲ ಅಣ್ಣಾ" ಎಂದಳು. "ನಾನೂ ತಿಕ್ಕಿ ತಿಕ್ಕಿ ನೋಡಿದೀನಿ."

ಸಾಹೇಬರ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಪ್ರಾಧಿಕಾರದ ಮೇಡಂ, ಹೇಳಿದಂತೆಯೇ ಹೊರಡುವ ಮುಂಚೆ ಫೋನ್ ಮಾಡಿದ್ದರು.

ತಂಗಿ ಕೈ ಬಿಡಲಿಲ್ಲ. "ಎತ್ಕೋ ಅಣ್ಣಾ. ಏನ್ ಹೇಳ್ತೀಯೋ ನಾನೂ ಕೇಳಿಸ್ಕೊಳ್ತೀನಿ."